ಕೋವಿ, ಮತ, ಯುದ್ಧ: ಕೊಡಗಿನ ನೆಲೆಯಿಂದ ಒಂದು ವಿಚಾರಣೆ

ಹುಣಸೂರಿನ ರಸ್ತೆ ಆನೆಚೌಕೂರಿನ ಕಾಡು ದಾಟಿ ತಿತಿಮತಿಗೆ ಬರುತ್ತಲೇ ಕಾಫಿ ತೋಟಗಳು ಎದುರಾಗುತ್ತವೆ. ಸೆಪ್ಟೆಂಬರ್ ಮೊದಲ ವಾರ ಆಯುಧಗಳ ಹಬ್ಬ ಕೈಲ್ ಪೊಳ್ದ್. ನಾಟಿ ಕೆಲಸ ಮುಗಿದಿರುತ್ತದೆ. ಕೊಡವರ ಮನೆಗಳಲ್ಲಿ ಕೋವಿ, ಒಡಿಕತ್ತಿಗಳನ್ನು ಒರೆಸಿ, ದೇವರ ಕೋಣೆಯಲ್ಲಿಟ್ಟು, ಕೋವಿಯ ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತಾರೆ. ಬೆಂಕಿಯ ನಾಲಗೆಯಂತೆ ಮೇಲಕ್ಕೆ ಬಾಗಿದ ಎಸಳುಗಳ, ಕೆಂಪು ಹಳದಿ ಬೆರೆತ ಹೂವು ಅದು. ಹುಟ್ಟಿಗೆ ಒಂದು ಗುಂಡು, ಸಾವಿಗೆ ಎರಡು ಹಾರಿಸುವ ವಾಡಿಕೆಯೂ ಇದೆ. ಆಯುಧ ಇಷ್ಟು ಹತ್ತಿರವಿರುವ ನೆಲದಲ್ಲಿ ನಿಂತು ಯುದ್ಧಕ್ಕೂ ಪ್ರಜಾಪ್ರಭುತ್ವಕ್ಕೂ ಇರುವ ಸಂಬಂಧವನ್ನು ಕೇಳಿದರೆ, ಗ್ರಂಥಗಳು ಹೇಳುವ ಉತ್ತರ ಸಾಲದೆನಿಸುತ್ತದೆ.

ಆ ಉತ್ತರದ ಬೇರು ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಬರೆದ ಶಾಶ್ವತ ಶಾಂತಿಯ ಪ್ರಬಂಧದಲ್ಲಿದೆ. ಯುದ್ಧದ ಖರ್ಚನ್ನೂ ಸಾವನ್ನೂ ಹೊರಬೇಕಾದವರು ಪ್ರಜೆಗಳು. ಅವರ ಒಪ್ಪಿಗೆ ಬೇಕೆಂದಾದರೆ ಯುದ್ಧ ಸುಲಭವಾಗದು ಎಂಬುದು ಅವನ ವಾದ. 1983ರಲ್ಲಿ ವಿದ್ವಾಂಸ ಮೈಕಲ್ ಡಾಯ್ಲ್ ಚರಿತ್ರೆಯನ್ನು ಜಾಲಾಡಿ, ಉದಾರ ಪ್ರಜಾಪ್ರಭುತ್ವಗಳು ತಮ್ಮತಮ್ಮಲ್ಲಿ ಯುದ್ಧ ಮಾಡಿದ್ದು ಕಾಣುವುದಿಲ್ಲ ಎಂದರು. ಪ್ರಜಾಪ್ರಭುತ್ವವಿಲ್ಲದ ನಾಡುಗಳ ಮೇಲೆ ಅವು ಏರಿಹೋಗುವುದಕ್ಕೆ ಮಾತ್ರ ಇಂಥ ತಡೆ ಇಲ್ಲವೆಂದೂ ಅವರೇ ತೋರಿಸಿದರು. ಇದಕ್ಕೆ ಹಳೆಯ ಸಾಕ್ಷಿಯೊಂದು ಕೊಡಗಿನಲ್ಲೇ ಇದೆ. 1832ರಲ್ಲಿ ಬ್ರಿಟಿಷ್ ಸಂಸತ್ತು ತನ್ನ ಜನರಿಗೆ ಮತದಾನದ ಹಕ್ಕನ್ನು ಹಿಗ್ಗಿಸಿತು. ಎರಡೇ ವರ್ಷಕ್ಕೆ, 1834ರ ಏಪ್ರಿಲ್‌ನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪಡೆ ನಾಲ್ಕು ಕಡೆಯಿಂದ ನುಗ್ಗಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಕೆಳಗಿಳಿಸಿತು. ಲಂಡನ್ನಿನಲ್ಲಿ ಅಗಲವಾದ ಮತಾಧಿಕಾರ ಮಡಿಕೇರಿಯ ಕೋಟೆಯನ್ನು ಕಾಯಲಿಲ್ಲ.

ಆದರೆ ಈ ಸಿದ್ಧಾಂತಿಗಳ ಲೆಕ್ಕದಲ್ಲಿ ಹಿಂದೆ ಬಿದ್ದ ಸಂಗತಿಯೊಂದಿದೆ: ಮತ ಹಾಕುವವರು ಯಾರೆಂಬ ಪ್ರಶ್ನೆಯ ಜೊತೆಗೇ, ಸೇನೆ ಯಾರ ಮಾತು ಕೇಳುತ್ತದೆ ಎಂಬುದು. ಇದಕ್ಕೆ ಕೊಡಗಿಗಿಂತ ಒಳ್ಳೆಯ ಅಧ್ಯಯನ ಕ್ಷೇತ್ರ ಸಿಗುವುದು ಕಷ್ಟ.

ಕೊಡಗಿನವರಾದ ಕೆ.ಎಂ. ಕಾರ್ಯಪ್ಪ 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ದೇಶ ವಿಭಜನೆಗೆ ಮುಂಚೆ ಅವರ ಕೈಕೆಳಗೆ ದುಡಿದಿದ್ದ ಅಧಿಕಾರಿ ಅಯೂಬ್ ಖಾನ್. ಒಂದೇ ಸೇನೆ, ಒಂದೇ ಶಿಸ್ತು, ಒಂದೇ ಊಟದ ಮೇಜು. 1952ರಲ್ಲಿ ಕಾರ್ಯಪ್ಪನವರು ಪತ್ರಿಕಾಗೋಷ್ಠಿಗಳಲ್ಲಿ ಹೆಚ್ಚು ಮಾತನಾಡುತ್ತಿದ್ದಾರೆಂದು ನೆಹರೂ ಪತ್ರ ಬರೆದು ಎಚ್ಚರಿಸಿದರು. ಮುಂದಿನ ಜನವರಿಯಲ್ಲಿ ಕಾರ್ಯಪ್ಪ ನಿವೃತ್ತರಾಗಿ, ಹೈಕಮಿಷನರ್ ಆಗಿ ಆಸ್ಟ್ರೇಲಿಯಾಕ್ಕೆ ಹೋದರು. ಅಯೂಬ್ 1958ರಲ್ಲಿ ತಮ್ಮ ದೇಶವಾದ ಪಾಕಿಸ್ತಾನದ ಅಧಿಕಾರವನ್ನೇ ವಶಪಡಿಸಿಕೊಂಡರು. 1965ರ ಯುದ್ಧದ ಕೊನೆಯ ದಿನಗಳಲ್ಲಿ ಕಾರ್ಯಪ್ಪನವರ ಮಗನ ವಿಮಾನ ಪಾಕಿಸ್ತಾನದಲ್ಲಿ ಉರುಳಿತು, ಮಗ ಸೆರೆಸಿಕ್ಕರು. ಹಳೆಯ ಅಧಿಕಾರಿಯ ಮಗನನ್ನು ಬಿಡುತ್ತೇನೆಂದು ಅಯೂಬ್ ಹೇಳಿಕಳಿಸಿದರು. ಉಳಿದ ಸೆರೆಯಾಳುಗಳಿಗಿಲ್ಲದ ರಿಯಾಯಿತಿ ತನ್ನ ಮಗನಿಗೂ ಬೇಡವೆಂದರು ತಂದೆ. ಮಡಿಕೇರಿಯ ಮನೆಯಲ್ಲಿ ಕುಳಿತ ನಿವೃತ್ತ ದಂಡನಾಯಕನೊಬ್ಬ, ಸೇನಾ ಸಮವಸ್ತ್ರದಿಂದ ಬಂದ ರಾಷ್ಟ್ರಾಧ್ಯಕ್ಷನೊಬ್ಬ: ಎರಡು ದೇಶಗಳ ದಾರಿ ಎಲ್ಲಿ ಕವಲೊಡೆಯಿತೆಂಬುದು ಈ ಒಂದು ಘಟನೆಯಲ್ಲೇ ತಿಳಿಯುತ್ತದೆ. ಕಾರ್ಯಪ್ಪನವರ ಮನಸ್ಸು ಸದಾ ನಿಶ್ಚಿಂತವಾಗಿತ್ತೆಂದೇನೂ ಅಲ್ಲ. ರಾಜಕಾರಣದ ಬಗ್ಗೆ ಬೇಸತ್ತು, ಸೇನೆಯ ಬೆಂಬಲವುಳ್ಳ ರಾಷ್ಟ್ರಪತಿ ಆಳ್ವಿಕೆಯನ್ನು ಅವರು ಬಹಿರಂಗವಾಗಿ ಬಯಸಿದ್ದುಂಟು. ಆದರೂ 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು, ಸೋತು, ಸೋಲನ್ನು ಒಪ್ಪಿಕೊಂಡರು.

ಕೊಡಗಿನವರೇ ಆದ ಸೇನಾಪತಿ ಕೆ.ಎಸ್. ತಿಮ್ಮಯ್ಯನವರದು ಇನ್ನೂ ಕಠಿಣ ಪರೀಕ್ಷೆ. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಜಗಳದಲ್ಲಿ 1959ರಲ್ಲಿ ರಾಜೀನಾಮೆ ಕೊಟ್ಟರು, ನೆಹರೂ ಮಾತಿಗೆ ಹಿಂತೆಗೆದುಕೊಂಡರು. ಪ್ರಧಾನಿ ಸಂಸತ್ತಿನಲ್ಲಿ ಸೇನಾಪತಿಯನ್ನು ಪಾರುಮಾಡುವ ಬದಲು, ನಾಗರಿಕ ಅಧಿಕಾರವೇ ಮೇಲೆಂದು ನಿಷ್ಠುರವಾಗಿ ಹೇಳಿದರು. ತಿಮ್ಮಯ್ಯನವರಿಗೆ ಆದದ್ದು ಅನ್ಯಾಯವೆಂದೇ ಈ ಲೇಖಕರ ಅಭಿಪ್ರಾಯ. ಚೀನಾ ಗಡಿಯ ಕುರಿತ ಅವರ ಆತಂಕ ಸುಳ್ಳಲ್ಲವೆಂದು 1962ರ ಚಳಿಗಾಲ ತೋರಿಸಿತು. ಆದರೆ ಅದೇ ಚಳಿಗಾಲದಲ್ಲಿ, ಗಡಿಯಲ್ಲಿ ಯುದ್ಧ ನಡೆಯುತ್ತಿರುವಾಗಲೇ, ನವೆಂಬರ್ 8ರಿಂದ ಲೋಕಸಭೆ ಸೇರಿ 165 ಸದಸ್ಯರು ಸರ್ಕಾರವನ್ನು ಪ್ರಶ್ನಿಸಿದರು. ಸಂಸದರ ಒತ್ತಡಕ್ಕೆ ಮಣಿದು ಮೆನನ್ ಅಷ್ಟರಲ್ಲಿ ಮಂತ್ರಿ ಪದವಿ ಬಿಟ್ಟಿದ್ದರು. ಸೇನಾಪತಿಯಿಂದಾಗದ್ದು ಸಂಸದರಿಂದ ಆಯಿತು.

ಪ್ರಜಾಪ್ರಭುತ್ವಗಳು ಪರಸ್ಪರ ಯುದ್ಧ ಮಾಡುವುದಿಲ್ಲವೆಂಬ ಮಾತಿಗೆ ಭಾರತ, ಪಾಕಿಸ್ತಾನಗಳ ನಡುವಿನ ಕಾರ್ಗಿಲ್ ಯುದ್ಧ ದೊಡ್ಡ ತೊಡಕು. 1999ರ ಫೆಬ್ರವರಿಯಲ್ಲಿ ಲಾಹೋರಿನಲ್ಲಿ ಕೈಕುಲುಕಿದ ಪ್ರಧಾನಿಗಳಾದ ವಾಜಪೇಯಿ, ನವಾಜ್ ಷರೀಫ್ ಇಬ್ಬರೂ ಚುನಾಯಿತರು. ವಿದ್ವಾಂಸರು ಯುದ್ಧವೆಂದು ಕರೆಯಲು ಹಾಕಿಕೊಂಡ ಗೆರೆ ಒಂದು ಸಾವಿರ ಸಾವು. ಭಾರತವೊಂದೇ 527 ಯೋಧರನ್ನು ಕಳೆದುಕೊಂಡಿತು. ಕೊಡಗಿನ ಪಾಠವನ್ನು ಇಲ್ಲಿ ಹಚ್ಚಿದರೆ ತೊಡಕು ಸಡಿಲವಾಗುತ್ತದೆ. ಕಾರ್ಗಿಲ್ಲಿನ ಶಿಖರಗಳಿಗೆ ಪಡೆ ಕಳಿಸುವ ಯೋಜನೆ ರಾವಲ್ಪಿಂಡಿಯ ಸೇನಾ ಕಚೇರಿಯದು. ತನಗೆ ಪೂರ್ತಿ ತಿಳಿಸಿರಲಿಲ್ಲವೆಂದು ಷರೀಫ್ ಆಮೇಲೆ ಹೇಳಿದರು. ಜನರು ಆರಿಸಿದ ಪ್ರಧಾನಿಯಿದ್ದರು, ಸೇನೆ ಅವರ ಹಿಡಿತದಲ್ಲಿರಲಿಲ್ಲ.

ಇತ್ತ ದೆಹಲಿಯಲ್ಲಿ ಯುದ್ಧ ನಡೆಸಿದ್ದು, ಏಪ್ರಿಲ್‌ನಲ್ಲಿ ಒಂದೇ ಮತದಿಂದ ಸೋತು ಉಸ್ತುವಾರಿಗೆ ಉಳಿದಿದ್ದ ಸರ್ಕಾರ. ಸೆಪ್ಟೆಂಬರ್‌ನಲ್ಲಿ, ಕೈಲ್ ಪೊಳ್ದ್‌ನ ಅದೇ ತಿಂಗಳಲ್ಲಿ, ಕರ್ನಾಟಕ ಮತಗಟ್ಟೆಗೆ ನಡೆಯಿತು. ತಿತಿಮತಿ ಆಗ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದ್ದ ವಿರಾಜಪೇಟೆ ಕ್ಷೇತ್ರದಲ್ಲಿತ್ತು. ಕೋವಿಯ ಪರವಾನಗಿ ವಿನಾಯಿತಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಸೇರಿದ್ದು. ತೋಟದ ಲೈನ್‌ಮನೆಯ ಯರವರಿಗೆ, ಹಾಡಿಯ ಜೇನುಕುರುಬರಿಗೆ ಆ ಹಕ್ಕಿಲ್ಲ, ಮತವಿದೆ. ಅಕ್ಟೋಬರ್ 12ರಂದು ಪಾಕಿಸ್ತಾನದ ಸೇನೆ ಷರೀಫರನ್ನು ಬಂಧಿಸಿತು. ಮರುದಿನ ದೆಹಲಿಯಲ್ಲಿ ವಾಜಪೇಯಿ ಪ್ರಮಾಣವಚನ ತೆಗೆದುಕೊಂಡರು.