ಕಡಲಾಚೆಯ ವಿದ್ಯೆ ಮತ್ತು ಠಾಣೆ ಸೀಮೆ

1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಮಾದರಿಯಾಗಿದ್ದುದು ಅಂದಿನ ಲಂಡನ್ ವಿಶ್ವವಿದ್ಯಾನಿಲಯ. ತಾನೇ ಪಾಠ ಹೇಳದೆ ಕಾಲೇಜುಗಳ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಪದವಿ ಕೊಡುವ ಈ ಪದ್ಧತಿಯಲ್ಲಿ, ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆದು ಅದಕ್ಕೆ ಸೇರಿದ ಕಾಲೇಜುಗಳನ್ನು ಸಂಯೋಜಿತ ಕಾಲೇಜುಗಳೆನ್ನುತ್ತಾರೆ. 1898ರ ಶಾಸನದ ಬಳಿಕ ಲಂಡನ್ ವಿಶ್ವವಿದ್ಯಾನಿಲಯ ಬೋಧನೆಯನ್ನೂ ಕೈಗೆತ್ತಿಕೊಂಡು ಬದಲಾಯಿತಾದರೂ, ಠಾಣೆ ಸೀಮೆಯ ಭಿವಂಡಿ, ಕಲ್ಯಾಣ, ಡೊಂಬಿವಲಿಗಳ ಬಹಳಷ್ಟು ಕಾಲೇಜುಗಳು ಇಂದಿಗೂ ಸಂಯೋಜಿತವಾಗಿಯೇ ಉಳಿದಿವೆ. ಹೊರಗಿನಿಂದ ತಂದ ಚೌಕಟ್ಟು ತವರಿನಲ್ಲಿ ಸಡಿಲಗೊಂಡ ಮೇಲೂ ಇಲ್ಲಿ ಗಟ್ಟಿಯಾಗಿ ನಿಂತಿತು.

ಇದೇ ಸೀಮೆಯ ಕಲ್ಯಾಣದಲ್ಲಿ 1865ರಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ, ಸಮುದ್ರಯಾನವೆಂದರೆ ಜಾತಿಯಿಂದ ಹೊರಬೀಳುವ ಭಯವಿದ್ದ ಕಾಲದಲ್ಲಿ, 1883ರಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ 1886ರಲ್ಲಿ ವೈದ್ಯ ಪದವಿ ಪಡೆದರು. ಹೆಣ್ಣುಮಕ್ಕಳಿಗೆ ವೈದ್ಯೆಯರೇ ಬೇಕೆಂಬ ನಾಡಿನ ಅಗತ್ಯವನ್ನು ಪರದೇಶದ ವಿದ್ಯೆಯಿಂದ ಪೂರೈಸುವ ಸಂಕಲ್ಪ ಅವರದು. ಪದವಿಗಾಗಿ ಬರೆದ ಪ್ರಬಂಧದ ವಿಷಯವೂ ಹಿಂದೂಗಳ ಪ್ರಸೂತಿ ಪದ್ಧತಿಯೇ. ಆದರೆ ಅಮೆರಿಕದಲ್ಲಿ ಅವರಿಗೆ ಆಸರೆಯಾಗಿದ್ದುದು ನ್ಯೂಜೆರ್ಸಿಯ ಕಾರ್ಪೆಂಟರ್ ಕುಟುಂಬದ ಔದಾರ್ಯವೇ ಹೊರತು ಯಾವ ಸರ್ಕಾರಿ ವ್ಯವಸ್ಥೆಯೂ ಅಲ್ಲ. ಕೊಲ್ಹಾಪುರದ ಆಸ್ಪತ್ರೆಯ ಸ್ತ್ರೀ ವಿಭಾಗಕ್ಕೆ ನೇಮಕಗೊಂಡರೂ, ಕ್ಷಯದಿಂದ ಬಳಲಿ 1887ರ ಫೆಬ್ರುವರಿಯಲ್ಲಿ, 22 ತುಂಬುವ ಮೊದಲೇ, ಪುಣೆಯಲ್ಲಿ ತೀರಿಕೊಂಡ ಅವರಿಗೆ ಕಲಿತದ್ದನ್ನು ನಾಡಿಗೆ ಸಲ್ಲಿಸುವಷ್ಟು ಆಯುಷ್ಯ ಸಿಗಲಿಲ್ಲ. ಪರದೇಶದ ವ್ಯಾಸಂಗಕ್ಕೆ ಅಂದು ತೆತ್ತ ಬೆಲೆ ಅಷ್ಟು ದೊಡ್ಡದು.

ಈಗ ದಿಕ್ಕು ತಿರುಗಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2023ರ ನಿಯಮಗಳು ವಿದೇಶಿ ಸಂಸ್ಥೆಗಳಿಗೆ ಇಲ್ಲಿಯೇ ಕ್ಯಾಂಪಸ್ ತೆರೆಯುವ ಅವಕಾಶ ನೀಡಿದ್ದು, 2025ರ ಜೂನ್‌ನಲ್ಲಿ ಮುಂಬಯಿ ಮತ್ತು ನವಿ ಮುಂಬಯಿಗಾಗಿ ಅಬರ್ಡೀನ್, ಯಾರ್ಕ್ ಸೇರಿದಂತೆ ಐದು ಸಂಸ್ಥೆಗಳಿಗೆ ಆಶಯಪತ್ರ, ಅಂದರೆ ಪ್ರಾಥಮಿಕ ಒಪ್ಪಿಗೆ, ದೊರೆಯಿತು. ಮನೆಯ ಬಳಿಯೇ ಪದವಿ ಸಿಗುವುದು ನಿಜವಾದ ಲಾಭ. ಆ ಪದವಿ ತವರು ಸಂಸ್ಥೆಯದಕ್ಕೆ ಸಮನಾಗಿರಬೇಕೆಂಬ ನಿಯಮವೂ ಒಳ್ಳೆಯದೇ. ಶುಲ್ಕ ನಿಗದಿಯ ಅಧಿಕಾರ ಮಾತ್ರ ಆಯಾ ಸಂಸ್ಥೆಯ ಕೈಯಲ್ಲೇ ಇದ್ದು, ಅಪಾಯವಿರುವುದು ಅಲ್ಲಿಯೇ: ಶುಲ್ಕ ದುಬಾರಿಯಾದರೆ ಈ ನೆಲ ಬಿಟ್ಟುಕೊಟ್ಟವರ ಮಕ್ಕಳೇ ಹೊರಗುಳಿಯಬಹುದು. 1970ರಲ್ಲಿ ರಚನೆಯಾದ ಸಿಡ್ಕೊ, ಅಂದರೆ ನಗರ ನಿರ್ಮಾಣದ ಸರ್ಕಾರಿ ನಿಗಮ, ನವಿ ಮುಂಬಯಿಯನ್ನು ಕಟ್ಟಿದ್ದು 95 ಹಳ್ಳಿಗಳ ಆಗ್ರಿ, ಕೋಳಿ ಮೊದಲಾದ ಸಮುದಾಯಗಳ ಜನರ ಭೂಮಿಯ ಮೇಲೆ. ನ್ಯಾಯವಾದ ಪರಿಹಾರ ಕೇಳಿ 1984ರಲ್ಲಿ ಹೋರಾಡಿದ ಐವರು ಪೊಲೀಸರ ಗುಂಡಿಗೆ ಬಲಿಯಾದರು. ಆ ಹಳ್ಳಿಗಳ ಮಕ್ಕಳಿಗೂ ಭಿವಂಡಿಯ ವಿದ್ಯುತ್ ಮಗ್ಗದ ಕಾರ್ಮಿಕರ ಮಕ್ಕಳಿಗೂ ಶುಲ್ಕ ರಿಯಾಯಿತಿಯ ಸೀಟುಗಳನ್ನು, ಸಂಸ್ಥೆಯ ಮರ್ಜಿಗೆ ಬಿಡದೆ, ಜಾಗ ಕೊಡುವ ಒಪ್ಪಂದದಲ್ಲಿಯೇ ಸರ್ಕಾರ ಬರೆಸಿಕೊಳ್ಳಬೇಕು.