ರೋಗವಿಲ್ಲದ ಹಸುವಿಗೆ ಲಸಿಕೆ

2000ನೆಯ ಇಸವಿಯ ಮೇ ತಿಂಗಳು. ಕೆನಡಾ ದೇಶದ ಆಂಟೇರಿಯೋ ಪ್ರಾಂತದಲ್ಲಿ ವಾಕರ್‌ಟನ್ ಎಂಬ ಪುಟ್ಟ ಊರು. ಜನಸಂಖ್ಯೆ ಸುಮಾರು ಐದು ಸಾವಿರ. ಅಲ್ಲಿ ಕೆಲವು ದಿನ ಭಾರಿ ಮಳೆ ಸುರಿಯಿತು. ಊರಿಗೆ ನೀರೊದಗಿಸುತ್ತಿದ್ದ ಬಾವಿಗಳಲ್ಲಿ ಐದನೆಯದು ಹೆಚ್ಚು ಆಳವಿಲ್ಲದ್ದು. ಸಮೀಪದ ಹೊಲಕ್ಕೆ ಹಾಕಿದ್ದ ಸಗಣಿಗೊಬ್ಬರದ ಸಾರ ಮಳೆನೀರಿನೊಡನೆ ಅದರೊಳಕ್ಕೆ ಇಳಿಯಿತು. ಬೆರೆಸಬೇಕಾದಷ್ಟು ಕ್ಲೋರೀನನ್ನು ನೀರಿಗೆ ಬೆರೆಸಿರಲಿಲ್ಲ. ನಲ್ಲಿಯ ನೀರಿನಿಂದ 2300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಏಳು ಮಂದಿ ತೀರಿಕೊಂಡರು.

ಈ ಅನಾಹುತಕ್ಕೆ ಮುಖ್ಯ ಕಾರಣ ಈ. ಕೋಲಿ ಓ157 ಎಂಬ ಸೂಕ್ಷ್ಮಾಣು. ಈ. ಕೋಲಿಯ ಬಳಗ ದೊಡ್ಡದು. ಅದರಲ್ಲಿ ಬಹುಪಾಲು ನಮ್ಮ ಕರುಳಿನಲ್ಲಿಯೇ ನಿರುಪದ್ರವಿಯಾಗಿ ಬಾಳುವಂಥದು. ಓ157 ಮಾತ್ರ ಹಾಗಲ್ಲ. 1982ರಲ್ಲಿ ಅಮೆರಿಕದಲ್ಲಿ, ಸರಿಯಾಗಿ ಬೇಯದ ದನದ ಮಾಂಸವನ್ನು ತಿಂದವರಲ್ಲಿ ಇದರ ಗುರುತು ಮೊದಲು ಸಿಕ್ಕಿತು. ಇದು ಕಾರುವ ವಿಷ ರಕ್ತಭೇದಿಯನ್ನುಂಟುಮಾಡುತ್ತದೆ; ಎಳೆಯ ಮಕ್ಕಳ ಮೂತ್ರಪಿಂಡಗಳನ್ನೇ ಕೆಡಿಸಬಲ್ಲುದು. ಆದರೆ ಇದರ ತವರುಮನೆ ದನದ ಕರುಳು, ಮತ್ತು ಅಲ್ಲಿ ಇದು ಸಾಧು ಪ್ರಾಣಿ! ಆ ವಿಷ ಹಿಡಿದುಕೊಳ್ಳುವ ನೆಲೆ ಹಸುವಿನ ರಕ್ತನಾಳಗಳಲ್ಲಿಲ್ಲ. ಹಸು ಮೇಯುತ್ತದೆ, ಮೆಲುಕು ಹಾಕುತ್ತದೆ, ಹಾಲು ಕೊಡುತ್ತದೆ.

ವಾಕರ್‌ಟನ್ನಿನ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಓಕಾನರ್ ಅವರು, ಹೊಲದ ಒಡೆಯ ಗೊಬ್ಬರವನ್ನು ಕ್ರಮವರಿತೇ ಬಳಸಿದ್ದ, ಅವನದು ತಪ್ಪಿಲ್ಲ ಎಂದರು. ಹಾಗಾದರೆ ಉಪಾಯವೇನು? ನೀರಿನ ಕಾವಲು ಬಿಗಿಗೊಳಿಸುವುದು ಒಂದು. ಸೂಕ್ಷ್ಮಾಣುವನ್ನು ಅದರ ತವರಿನಲ್ಲಿಯೇ ತಡೆಯುವುದು ಇನ್ನೊಂದು.

ಎರಡನೆಯದಕ್ಕೆ ದಾರಿ ಆಗಲೇ ತೆರೆದಿತ್ತು. 1997ರಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಬ್ರೆಟ್ ಫಿನ್ಲೆ ಮತ್ತು ಸಂಗಡಿಗರು ಈ ಬಳಗದ ಒಂದು ವಿಚಿತ್ರವನ್ನು ಕಂಡಿದ್ದರು. ಕರುಳಿಗೆ ಅಂಟಿಕೊಳ್ಳಲು ಬೇಕಾದ ಆಸರೆಯನ್ನು ಸೂಕ್ಷ್ಮಾಣು ತಾನೇ ತಯಾರಿಸಿ, ಕರುಳಿನ ಜೀವಕೋಶದೊಳಕ್ಕೆ ಚುಚ್ಚಿ, ಅದನ್ನೇ ಹಿಡಿದು ನಿಲ್ಲುತ್ತದೆ. ಬಂದ ನೆಂಟ ತನ್ನ ಮಣೆಯನ್ನು ತಾನೇ ತಂದು ಹಾಕಿಕೊಂಡಂತೆ! ಆ ಮಣೆಗೆ ಅವರಿಟ್ಟ ಹೆಸರು ಟಿರ್. ಅಂಥ ಪ್ರೋಟೀನುಗಳ ವಿರುದ್ಧ ಹಸುವಿನ ಮೈ ಸಜ್ಜಾದರೆ ನೆಂಟನಿಗೆ ಕೂರಲು ಎಡೆಯಿಲ್ಲ. ಸಾಸ್ಕಟೂನಿನ ಸಂಶೋಧಕರೊಡಗೂಡಿ ಸಿದ್ಧವಾದ ಈ ಲಸಿಕೆಗೆ 2008ರಲ್ಲಿ ಕೆನಡಾ ಪೂರ್ಣ ಪರವಾನಗಿ ನೀಡಿತು. ಸಗಣಿಯಲ್ಲಿ ಸೂಕ್ಷ್ಮಾಣು ಪೂರ್ತಿ ಇಲ್ಲವಾಗಲಿಲ್ಲ, ತಗ್ಗಿತು.

ಆದರೆ ಕೊಳ್ಳುವವರು ತೀರ ಕಡಿಮೆ. 1881ರಲ್ಲಿ ಪಾಶ್ಚರ್ ಮಹಾಶಯ ಪುಯಿ-ಲ-ಫೋರ್ ಎಂಬ ಹಳ್ಳಿಯಲ್ಲಿ ನೆರಡಿರೋಗದ ಲಸಿಕೆಯನ್ನು ಬಹಿರಂಗವಾಗಿ ಪರೀಕ್ಷಿಸಿದಾಗ, ಹಾಕಿಸಿಕೊಳ್ಳದ ಕುರಿಗಳು ಎಲ್ಲರ ಕಣ್ಣೆದುರೇ ಸತ್ತವು. ರೈತರಿಗೆ ಬೇರೆ ಉಪದೇಶ ಬೇಕಾಗಲಿಲ್ಲ. ಇಲ್ಲಿಯೋ, ಲಸಿಕೆ ಹಾಕಿದ ಹಸುವೂ ಹಾಕದ ಹಸುವೂ ಒಂದೇ ತೆರ. ಮಾಂಸಕ್ಕೆ ಹೆಚ್ಚು ಬೆಲೆಯಿಲ್ಲ, ಹಾಲು ಹೆಚ್ಚುವುದಿಲ್ಲ. ಖರ್ಚು ಕೊಟ್ಟಿಗೆಯವನದು, ಉಳಿಯುವ ಮಗು ಯಾವುದೋ ಪಟ್ಟಣದ ಯಾರದೋ ಮನೆಯದು. ರೈತನನ್ನು ಈ ಬಗ್ಗೆ ದೂರಲು ನನಗಂತೂ ಮನಸ್ಸು ಬಾರದು. ಆ ಹಣವನ್ನು ಸಾರ್ವಜನಿಕ ಬೊಕ್ಕಸ ಭರಿಸಬಹುದಾಗಿತ್ತು. ಲಸಿಕೆ ಕಡ್ಡಾಯವೂ ಆಗಲಿಲ್ಲ. ಕೆಲವು ವರ್ಷಗಳಲ್ಲಿ ಅದರ ತಯಾರಿಕೆ ನಿಂತುಹೋಯಿತು.