ಬೊಂಬಾಯಿಂದ ಬಂದವರು

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಎಂಬ ಐದು ಹೊಳೆಗಳು ಕೂಡಿ, ಪಂಚಗಂಗಾವಳಿಯೆಂಬ ಒಂದೇ ಹೆಸರು ಹೊತ್ತು ಕಡಲಿಗೆ ಬೀಳುವ ಅಳಿವೆಯ ಬಡಗು ದಂಡೆಯಲ್ಲಿ ಗಂಗೊಳ್ಳಿಯಿದೆ. ಎದುರು ದಂಡೆಯಲ್ಲಿ ಕುಂದಾಪುರ. ಈಚೆಯ ದೀಪ ಆಚೆಗೆ ಕಾಣುತ್ತದೆ. ನೆಲದ ಮೇಲೆ ಹೋಗುವವರು ಮಾತ್ರ ತ್ರಾಸಿ, ಮುಳ್ಳಿಕಟ್ಟೆ, ಹೆಮ್ಮಾಡಿ, ತಲ್ಲೂರು ಎಂದು ಬಳಸಿ ಸಾಗಬೇಕು. ಹೊಳೆಯ ಒಳಗೆ ಬಸರೂರು ದೊಡ್ಡ ಪೇಟೆಯಾಗಿ ಮೆರೆದಾಗ, 1569ರಲ್ಲಿ ಪೋರ್ಚುಗೀಸರು ಅದನ್ನು ಹಿಡಿಯುವುದಕ್ಕೂ ಮೊದಲು, ಅಕ್ಕಿ ಹೇರಿದ ಹಡಗುಗಳು ಈ ಅಳಿವೆ ದಾಟಿಯೇ ಹೊರಗೆ ಹೋದವು. ಅಕ್ಕಿಯ ಕಾಲ ಮುಗಿದ ಮೇಲೆ ಮನುಷ್ಯರು ಹೋದರು.

ಹೋದವರಲ್ಲಿ ಬಹಳ ಮಂದಿ ಮೀಸೆ ಮೂಡದ ಹುಡುಗರು. ಹಗಲು ಬೊಂಬಾಯಿಯ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡದ ರಾತ್ರಿಶಾಲೆಗಳಲ್ಲಿ ಕಣ್ಣುಜ್ಜಿಕೊಂಡು ಅಕ್ಷರ ತಿದ್ದಿದರು. ಕ್ಯಾಂಟೀನು ಹಿಡಿದರು, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತರು, ಬಂದರಿನಲ್ಲಿ ದುಡಿದರು. ಕರಾವಳಿಯ ಮೊಗವೀರರು ಅಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡದ್ದು 1902ರಷ್ಟು ಹಿಂದೆ. ಮಳೆಗಾಲ ಬಂತೆಂದರೆ ಅಳಿವೆ ಮುಚ್ಚಿ ಹಡಗು ನಿಲ್ಲುತ್ತಿದ್ದ ಆ ಕಾಲದಿಂದ, 1998ರಲ್ಲಿ ಕೊಂಕಣ ರೈಲು ಈ ಸೀಮೆಯನ್ನು ಹಾದು ಹೋದಲ್ಲಿಯವರೆಗೆ, ದಾರಿ ಬದಲಾಯಿತೇ ಹೊರತು ದಿಕ್ಕು ಬದಲಾಗಲಿಲ್ಲ. ಊರಿನ ಜಾತ್ರೆಗೆ, ಮದುವೆಗೆ, ಹರಕೆಯಾಟಕ್ಕೆ ಅವರು ಮರಳುವರು. "ಬೊಂಬಾಯಿಂದ ಬಂದೀರ್" ಎಂಬ ಮಾತು ಕೇರಿಯ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ಟ್ರಂಕಿನಲ್ಲಿ ಸೀರೆ, ಮಕ್ಕಳಿಗೆ ಮಿಠಾಯಿ, ದೇವರಿಗೆ ಕಾಣಿಕೆ. ಮನೆಗೆ ಹಂಚು ಹೊದೆಸಿದ್ದು ಆ ಹಣ, ತಂಗಿಯ ಕೊರಳಿಗೆ ಕರಿಮಣಿ ಬಿದ್ದದ್ದು ಆ ಹಣ. ನೂರು ವರ್ಷ ಹೀಗೆ ಹಿಗ್ಗಿನಿಂದ ಹೇಳಿದ ಮಾತನ್ನು 2020ರ ಮೇ ತಿಂಗಳಲ್ಲಿ ಊರು ಬಾಗಿಲ ಸಂದಿಯಿಂದ, ದನಿ ತಗ್ಗಿಸಿ ಹೇಳಿತು. ಈ ಕಥನ ಆ ತಿಂಗಳದ್ದು.

ಬೊಂಬಾಯಿಯ ಹಾದಿಯಲ್ಲಿ ರೋಗ ಬಂದದ್ದು ಅದೇ ಮೊದಲಲ್ಲ. 1896ರಲ್ಲಿ ಆ ನಗರಕ್ಕೆ ಪ್ಲೇಗು ಹೊಕ್ಕಾಗ ಬ್ರಿಟಿಷ್ ಸರಕಾರ ಮರುವರ್ಷವೇ ಸಾಂಕ್ರಾಮಿಕ ರೋಗಗಳ ಕಾಯಿದೆಯೊಂದನ್ನು ಹೊರಡಿಸಿತು. 1918ರ ಜೂನಿನಲ್ಲಿ ಯುದ್ಧದ ಹಡಗಿಳಿದ ಜ್ವರ ಅದೇ ಬಂದರಿನಿಂದ ಹೊರಟು, ವರ್ಷ ಮುಗಿಯುವುದರೊಳಗೆ ಹಿಂದೂಸ್ಥಾನದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ನುಂಗಿತು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಕಚೇರಿ ಮದರಾಸಿನದು, ಅನ್ನದ ದಾರಿ ಬೊಂಬಾಯಿಯದು. 1897ರ ಆ ಹಳೆಯ ಕಾಯಿದೆ ಮಾತ್ರ ಉಳಿದುಕೊಂಡಿತು. 2020ರ ಮಾರ್ಚ್ 11ರಂದು ಕರ್ನಾಟಕ ಸರಕಾರ ಕೋವಿಡ್ ನಿಯಮಾವಳಿ ಹೊರಡಿಸಿದ್ದು ಅದರ ಬಲದಿಂದಲೇ. ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ರೋಗವನ್ನು ಜಗದ್ವ್ಯಾಪಿ ಪಿಡುಗೆಂದು ಸಾರಿದ್ದೂ ಅದೇ ದಿನ.

ಅದಕ್ಕೆ ಎರಡು ದಿನ ಮೊದಲು ಹೋಳಿ ಹುಣ್ಣಿಮೆ. ಗಂಗೊಳ್ಳಿ, ಕುಂದಾಪುರಗಳ ಕೊಂಕಣಿ ಖಾರ್ವಿಗಳಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಚೀನಾದ ವುಹಾನಿನಲ್ಲಿ ಹಿಂದಿನ ಡಿಸೆಂಬರಿನಲ್ಲಿ ಕಾಣಿಸಿಕೊಂಡ ಕಾಯಿಲೆ ಜನವರಿ 30ಕ್ಕೆ ಕೇರಳದ ತ್ರಿಶ್ಶೂರಿಗೆ ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಿದ್ದು ಅದೇ ಜನವರಿ 30ರಂದು. ಕರ್ನಾಟಕದ ಮೊದಲ ರೋಗಿಯ ಸುದ್ದಿ ಹೊರಬಿದ್ದದ್ದು ಹೋಳಿಯ ದಿನಗಳಲ್ಲಿ, ಬೆಂಗಳೂರಿನಿಂದ. ಮಾರ್ಚ್ 12ರಂದು ತಿಳಿದ ಕಲಬುರಗಿಯ ವೃದ್ಧರ ಮರಣ ದೇಶದಲ್ಲಿ ಈ ರೋಗದ ಮೊದಲ ಸಾವು. ಆಮೇಲೆ ದಿನಗಳು ಬೆಟ್ಟದ ಹೊಳೆಯಂತೆ ಧುಮುಕಿದವು. ಹರಕೆಯ ಆಟಗಳನ್ನು ಅರ್ಧಕ್ಕೆ ನಿಲ್ಲಿಸಿ ಯಕ್ಷಗಾನದ ಮೇಳಗಳು ಪೆಟ್ಟಿಗೆ ಕಟ್ಟಿದವು. ಮಾರ್ಚ್ 22ರಂದು ಜನತಾ ಕರ್ಫ್ಯೂ, 24ರ ನಡುರಾತ್ರಿಯಿಂದ ಲಾಕ್‌ಡೌನ್. 25ರಂದು ಉಡುಪಿ ಜಿಲ್ಲೆಯ ಮೊದಲ ರೋಗಿ, ದುಬೈಯಿಂದ ಮಣಿಪಾಲಕ್ಕೆ ಬಂದವರು. ತಿಂಗಳ ಕೊನೆಗೆ ಮೂವರಾದರು. ಬಡಗು ಗಡಿಯಾಚೆ ಭಟ್ಕಳ ಪೂರ್ತಿ ಬಂದ್ ಆಗಿತ್ತು. ಶಿರೂರಿನಲ್ಲಿ ಜಿಲ್ಲೆಯ ತನಿಖಾ ಠಾಣೆ ಎದ್ದಿತು.

ಗಂಗೊಳ್ಳಿಯ ಬಂದರಿನಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತವು. ಮೀನುಗಾರಿಕೆಗೆ ಚೈತ್ರ, ವೈಶಾಖಗಳು ಬೆಲೆಯುಳ್ಳ ತಿಂಗಳುಗಳು. ಮಳೆಗಾಲದ ಕೈಬಿಡುವಿಗೆ ಆಗಲೇ ಕೂಡಿಡಬೇಕು. ಬೋಟುಗಳ ಮೇಲೆ ದುಡಿಯುತ್ತಿದ್ದ ಹೊರರಾಜ್ಯದ ಕಾರ್ಮಿಕರು ಊರಿಗೆ ಹೋಗಲೂ ಆಗದೆ, ಕಡಲಿಗಿಳಿಯಲೂ ಆಗದೆ ಉಳಿದರು. ಮೀನಿನ ಬುಟ್ಟಿ ತಲೆಗಿಟ್ಟು ಮನೆ ಮನೆ ತಿರುಗುವ ಹೆಂಗಸರ ಕೂಗು ನಿಂತಿತು. ಏಪ್ರಿಲ್ 10ರಂದು ಕೇಂದ್ರ ಗೃಹ ಸಚಿವಾಲಯ ಮೀನುಗಾರಿಕೆಗೆ ವಿನಾಯಿತಿ ಕೊಟ್ಟಿತು. ಕಳೆದ ದಿನಗಳ ನಷ್ಟಕ್ಕೆ ಪರಿಹಾರವೆಂದು, ಪಶ್ಚಿಮ ಕರಾವಳಿಯ 61 ದಿನಗಳ ಮಳೆಗಾಲದ ನಿಷೇಧವನ್ನು ಆ ವರ್ಷ ಜೂನ್ 15ರಿಂದ ಜುಲೈ 31ರವರೆಗೆ, 47 ದಿನಗಳಿಗೆ ಇಳಿಸಲಾಯಿತು. ಕಾಗದದ ಮೇಲೆ ಕಡಲು ತೆರೆಯಿತು, ಸರಿ. ಆದರೆ ಐಸು, ಲಾರಿ, ಸಂತೆ, ಕೊಳ್ಳುವ ಕೈ, ಇವಿಲ್ಲದೆ ಬಂಗುಡೆಯ ರಾಶಿಗೆ ಏನು ಬೆಲೆ? ದೇವಸ್ಥಾನ, ಮಸೀದಿ, ಇಗರ್ಜಿಗಳು ಅಕ್ಕಪಕ್ಕದಲ್ಲಿರುವ ಈ ಊರಿನಲ್ಲಿ ಆ ವರ್ಷದ ಈಸ್ಟರ್ ಹಬ್ಬವೂ ರಂಜಾನಿನ ತಿಂಗಳೂ ಮನೆಯೊಳಗೇ ಕಳೆದವು.

ಏಪ್ರಿಲ್ ನಡುವಿಗೆ ಜಿಲ್ಲೆಯ ಮೂವರು ರೋಗಿಗಳೂ ಗುಣವಾಗಿ ಮನೆಗೆ ಹೋದರು. ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆಯನ್ನು ಕೋವಿಡ್ ಆಸ್ಪತ್ರೆಯಾಗಿ ಸಜ್ಜುಗೊಳಿಸಲಾಗಿತ್ತು. ಅದು ಕೆಲವು ವಾರ ಬಹುಮಟ್ಟಿಗೆ ಬರಿದಾಗಿತ್ತು. ಜಿಲ್ಲೆ ಹಸುರು ಎಂದು ಪತ್ರಿಕೆಗಳು ಬರೆದವು. ಆ ಹಸುರಿನಲ್ಲಿ ನಾವು ಹೆಮ್ಮೆಪಟ್ಟೆವು. ನಮ್ಮವರೇ ಮುಂಬಯಿಯ ಚಾಳುಗಳಲ್ಲಿ, ಹೋಟೆಲುಗಳ ಅಟ್ಟದಲ್ಲಿ, ಒಂದು ಕೋಣೆಗೆ ಎಂಟು ಹತ್ತು ಮಂದಿಯಂತೆ ಬೀಗ ಹಾಕಿದ ನಗರದಲ್ಲಿ ಉಳಿದಿದ್ದರೆಂಬ ನೆನಪು ಆ ಹೆಮ್ಮೆಗೆ ಅಡ್ಡ ಬರಲಿಲ್ಲ. ಹೋಟೆಲು ಮುಚ್ಚಿದ ದಿನ ಅವರ ಕೆಲಸವೂ ಹೋಗಿತ್ತು, ಊಟವೂ ಹೋಗಿತ್ತು, ಮಲಗುವ ಜಾಗವೂ ಹೋಗಿತ್ತು. ಮೂರೂ ಒಂದೇ ಸೂರಿನಡಿ ಇದ್ದವಲ್ಲ.

ಮೇ ತಿಂಗಳಲ್ಲಿ ಸರಕಾರದ ಸೇವಾಸಿಂಧು ಜಾಲತಾಣದಲ್ಲಿ ಹೆಸರು ಬರೆಸಿದವರಿಗೆ ಊರಿಗೆ ಮರಳಲು ಪಾಸು ಸಿಗತೊಡಗಿತು. ರೈಲಿರಲಿಲ್ಲ. ಸಾಲ ಮಾಡಿ ಬಸ್ಸು, ಕಾರು ಗೊತ್ತುಮಾಡಿಕೊಂಡು, ಬೆಳಗಾವಿಯ ಕೊಗನೋಳಿ ಗಡಿಯಲ್ಲಿ ಗಂಟೆಗಟ್ಟಲೆ ಬಿಸಿಲಿಗೆ ಕಾದು, ಘಟ್ಟ ಇಳಿದು ಶಿರೂರಿಗೆ ಬಂದರು. ಎಳೆಮಕ್ಕಳು, ಬಸುರಿಯರು, ಮುದುಕರು. ಠಾಣೆಯಲ್ಲಿ ಹಣೆಗೆ ಹಿಡಿಯುವ ಉಷ್ಣಮಾಪಕ ಅವರಲ್ಲಿ ಹೆಚ್ಚಿನವರ ಮೈಯಲ್ಲಿ ಏನನ್ನೂ ಕಾಣಲಿಲ್ಲ. ಈ ವೈರಸ್ಸಿನ ಮೋಸವೇ ಅದು: ಜ್ವರ ಏಳುವ ಮೊದಲೇ, ಕೆಲವರಲ್ಲಿ ಜ್ವರ ಏಳದೆಯೇ, ಮಾತಿನ ಉಸಿರಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಹೊಕ್ಕದ್ದು ಹೊರಗೆ ತೋರಲು ಹದಿನಾಲ್ಕು ದಿನ ಹಿಡಿಯಬಹುದು. ಆದ್ದರಿಂದ ಮೊದಲು 14 ದಿನ, ಬಳಿಕ ನಿಯಮ ಬದಲಾದಾಗ 7 ದಿನ, ಸರಕಾರ ಹೇಳಿದಲ್ಲಿ ಉಳಿಯಬೇಕು, ಆಮೇಲಷ್ಟೇ ಮನೆ. ಕ್ವಾರಂಟೈನ್ ಎಂಬ ಮಾತಿನ ಹುಟ್ಟೂ ಒಂದು ಬಂದರಿನಲ್ಲೇ. ಪ್ಲೇಗಿನ ಕಾಲದಲ್ಲಿ ವೆನಿಸ್ಸಿಗೆ ಬಂದ ಹಡಗು ನಲವತ್ತು ದಿನ ಲಂಗರು ಹಾಕಿ ನಿಂತ ಮೇಲೆಯೇ ದಡ ಮುಟ್ಟಬೇಕಿತ್ತು. ಇಟಲಿಯ ಮಾತಿನಲ್ಲಿ ನಲವತ್ತು ಎಂಬುದೇ ಅದರ ಮೂಲ.

ಕುಂದಾಪುರ, ಬೈಂದೂರು ತಾಲೂಕುಗಳ ಶಾಲೆಗಳು, ವಿದ್ಯಾರ್ಥಿನಿಲಯಗಳು, ವಸತಿಗೃಹಗಳು ಬಂದವರಿಂದ ತುಂಬಿದವು. ಏಳನೆಯ ತರಗತಿ ಬಿಟ್ಟು ಬೊಂಬಾಯಿಗೆ ಓಡಿದವರು ತಲೆ ನರೆತ ಮೇಲೆ ಮತ್ತೆ ತರಗತಿಯ ಕೋಣೆಗೆ ಬಂದು, ಗೋಡೆಯ ಮೇಲಿನ ಅಆಇಈಯ ಕೆಳಗೆ ಚಾಪೆ ಹಾಸಿದರು. ಮನೆ ಅಲ್ಲೇ, ತೋಟದಾಚೆ. ಸಂಜೆ ದೀಪ ಹೊತ್ತಿಸಿದರೆ ಕಾಣುವಷ್ಟು ಹತ್ತಿರ. ತಾಯಂದಿರು ಬುತ್ತಿಯಲ್ಲಿ ಕುಚಲಕ್ಕಿ ಗಂಜಿ, ಚಟ್ಲಿ ಚಟ್ನಿ ತಂದು ಗೇಟಿನ ಕಂಬದ ಬುಡದಲ್ಲಿಟ್ಟು ಹತ್ತು ಮಾರು ಹಿಂದೆ ಸರಿದು ನಿಲ್ಲುವರು.

"ಹ್ವಾಯ್, ಉಂಡ್ಯಾ ಮಗಾ?"

"ಉಂಡೆ ಅಬ್ಬಿ. ನೀ ಮನಿಗ್ ಹೋಗ್, ಮಳಿ ಬತ್ತ್."

ಅಷ್ಟೇ ಮಾತು. ಮಗನಿಗೆ ಐವತ್ತು, ತಾಯಿಗೆ ಎಪ್ಪತ್ತೈದು. ತಾಯಿ ಮಳೆ ಬಂದರೂ ಹೋಗುತ್ತಿರಲಿಲ್ಲ.

ಇನ್ನೊಂದು ಬಗೆಯ ಮಾತೂ ಆ ದಿನಗಳಲ್ಲಿ ನಡೆಯಿತು. ಅದನ್ನು ಬರೆಯದಿದ್ದರೆ ಈ ಕಥನ ಸುಳ್ಳಾಗುತ್ತದೆ. ನಮ್ಮ ಶಾಲೆಯಲ್ಲಿ ಬೇಡ, ನಮ್ಮ ಕೇರಿಯ ಬಾವಿಯ ಹತ್ತಿರ ಬೇಡ ಎಂದು ಕೆಲವೆಡೆ ಜನ ಅಡ್ಡ ನಿಂತರು. ಮೇ ನಡುವಿನಲ್ಲಿ ಮುಂಬಯಿಯಿಂದ ಮರಳಿ ಕುಂದಾಪುರದ ಕಡೆ ಕ್ವಾರಂಟೈನಿನಲ್ಲಿದ್ದವರೊಬ್ಬರು ತೀರಿಕೊಂಡು, ಜಿಲ್ಲೆಯ ಮೊದಲ ಕೋವಿಡ್ ಸಾವೆಂದು ಸುದ್ದಿಯಾದ ಮೇಲೆ ಭಯ ಇಮ್ಮಡಿಸಿತು. ಗಂಟಲು ದ್ರವದ ಫಲಿತಾಂಶ ಬಂದೊಡನೆ ಮನುಷ್ಯನ ಹೆಸರು ಹೋಗಿ 'ಪಿ' ಅಕ್ಷರದ ಮುಂದೆ ಒಂದು ಸಂಖ್ಯೆ ಉಳಿಯುತ್ತಿತ್ತು. ಮನೆಗೆ ಪಟ್ಟಿ ಕಟ್ಟಿ ಸೀಲ್‌ಡೌನ್ ಮಾಡಿದರೆ, ಪಟ್ಟಿ ಬಿಚ್ಚಿ ತಿಂಗಳಾದರೂ ಆ ಅಂಗಳಕ್ಕೆ ಕಾಲಿಡದ ನೆರೆಯವರಿದ್ದರು. ಯಾರ ಕಾಣಿಕೆಯಿಂದ ಊರಿನ ದೇವಸ್ಥಾನದ ಮಾಡಿಗೆ ತಾಮ್ರ ಹೊದೆಸಿದ್ದೆವೋ, ಅವರ ಮಕ್ಕಳಿಗೆ ಅಂಗಡಿಯಾತ ಹಾಲು ಕೊಡಲು ಹಿಂಜರಿದ. ಭಯ ಸಹಜ, ಮುದುಕರಿರುವ ಮನೆಗಳಲ್ಲಿ ಅದು ಕರ್ತವ್ಯವೂ ಆಗಿತ್ತು. ಹಾಲು ಕೊಡದಿರುವುದು ಕರ್ತವ್ಯವಾಗಿರಲಿಲ್ಲ. ಅದೇ ಮನೆಗಳ ಮೆಟ್ಟಿಲ ತನಕ ದಿನಾ ನಡೆದು ಜ್ವರ, ಕೆಮ್ಮು ವಿಚಾರಿಸಿದವರು ಆಶಾ ಕಾರ್ಯಕರ್ತೆಯರು. ಬಟ್ಟೆಯ ಮಾಸ್ಕು, ಕೊಡೆ, ಒಂದು ಪುಸ್ತಕ: ಇಷ್ಟೇ ಅವರ ಆಯುಧ. ಕೆಲವರ ಗಂಡಂದಿರೂ ಆಗ ಬೊಂಬಾಯಿಂದ ಬಂದು ಶಾಲೆಯಲ್ಲಿ ಮಲಗಿದ್ದವರೇ.

ಮೇ 18ರಂದು ರಾಜ್ಯ ಸರಕಾರ ಮಹಾರಾಷ್ಟ್ರ, ಗುಜರಾತು, ತಮಿಳುನಾಡು, ಕೇರಳಗಳಿಂದ ಬರುವವರನ್ನು ತಿಂಗಳ ಕೊನೆಯವರೆಗೆ ತಡೆಯಿತು. ಬಂದವರ ಪರೀಕ್ಷೆಯ ಫಲ ಮಾತ್ರ ಒಂದರ ಮೇಲೊಂದು ಹೊರಬೀಳುತ್ತಿತ್ತು. ಜೂನ್ 2ರ ಸಂಜೆಯ ಪ್ರಕಟಣೆಯಲ್ಲಿ ರಾಜ್ಯದ ಹೊಸ ಪ್ರಕರಣ 388; ಅದರಲ್ಲಿ ಉಡುಪಿ ಜಿಲ್ಲೆಯದೇ 150. ಹಸುರು ಜಿಲ್ಲೆ ಒಂದೇ ತಿಂಗಳಲ್ಲಿ ರಾಜ್ಯದ ಕಣ್ಣಿಗೆ ಕೆಂಪಾಯಿತು. ಆದರೆ ಆ ಅಂಕಿಯ ಒಳಗನ್ನು ನೋಡಿದವರಿಗೆ ಬೇರೆಯದೇ ತಿಳಿಯುತ್ತಿತ್ತು. ರಾಜ್ಯದ 388ರಲ್ಲಿ 367 ಮಂದಿ ಹೊರರಾಜ್ಯದಿಂದ ಬಂದವರು. ನಮ್ಮ ಜಿಲ್ಲೆಯಲ್ಲಿ ಅವರಲ್ಲಿ ಹೆಚ್ಚಿನವರಿಗೆ ರೋಗಲಕ್ಷಣವೇ ಇರಲಿಲ್ಲ. ಕುಂದಾಪುರದ ಸರಕಾರಿ ಆಸ್ಪತ್ರೆಯಲ್ಲಿ, ಉಡುಪಿಯಲ್ಲಿ ಇದ್ದು ಬಹುಮಂದಿ ಗುಣವಾಗಿ ಮನೆಗೆ ಹೋದರು. ಅಂದರೆ, ಶಾಲೆಯ ಕೋಣೆಗಳಲ್ಲಿ ಚಾಪೆ ಹಾಸಿ ಮಲಗಿದವರು ರೋಗವನ್ನು ತಮ್ಮಲ್ಲೇ ತಡೆದು ಹಿಡಿದು ಊರನ್ನು ಉಳಿಸಿದ್ದರು. ಕಾಪಾಡಿದವರನ್ನೇ ನಾವು ದೂರಿದೆವು. ಆ ಮೇ, ಜೂನುಗಳ ವಿಷಯದಲ್ಲಿ ನನಗಿರುವ ತೀರ್ಮಾನ ಇದೊಂದೇ, ಇದನ್ನು ಬದಲಿಸುವ ಕಾರಣ ಇಂದಿಗೂ ಸಿಕ್ಕಿಲ್ಲ.

ಊರೊಳಗೆ ರೋಗ ಹರಡಿದ್ದು ಆಮೇಲೆ, ನಿರ್ಬಂಧ ಸಡಿಲಿದಾಗ. ಆಗ ಅದಕ್ಕೆ ಬೊಂಬಾಯಿಯ ಹೆಸರು ಬೇಕಾಗಲಿಲ್ಲ.

2021ರ ಎರಡನೆಯ ಅಲೆ ಮೊದಲಿನದಕ್ಕಿಂತ ಕ್ರೂರ. ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ಕರ್ಫ್ಯೂ. ಈ ಸಲ ಉಸಿರೇ ಪೇಟೆಯ ಸರಕಾಯಿತು. ಮೇ 2ರ ರಾತ್ರಿಯಿಂದ ಮರುದಿನದವರೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ 24 ಜೀವಗಳು ಹೋದವೆಂಬ ಸುದ್ದಿ ನಾಡನ್ನು ನಡುಗಿಸಿತು. ಮೇ 5ರಂದು ನೌಕಾಪಡೆಯ ಐಎನ್‌ಎಸ್ ತಲ್ವಾರ್ ಬಹರೈನಿನಿಂದ 27 ಟನ್ನಿನ ಎರಡು ಟ್ಯಾಂಕುಗಳಲ್ಲಿ ದ್ರವ ಆಮ್ಲಜನಕ ಹೊತ್ತು ಪಣಂಬೂರಿನ ನವಮಂಗಳೂರು ಬಂದರಿಗೆ ಬಂತು. ಯಾವ ಕೊಲ್ಲಿ ರಾಜ್ಯಗಳಲ್ಲಿ ಗಂಗೊಳ್ಳಿಯ ಎಷ್ಟೋ ಮನೆಗಳ ಗಂಡಸರು ದುಡಿಯುತ್ತಾರೋ, ಆ ಕಡಲಿನಿಂದಲೇ ಉಸಿರು ಬಂತು. ಹತ್ತು ದಿನಕ್ಕೆ ಅದೇ ಕಡಲು ತೌಕ್ತೆ ಚಂಡಮಾರುತವಾಗಿ ಎದ್ದು ಮರವಂತೆಯ ದಂಡೆಯನ್ನು ಕೊರೆಯಿತು. ಲಾಕ್‌ಡೌನಿನಲ್ಲಿ ಕುಳಿತ ಮೀನುಗಾರ ಕುಟುಂಬಗಳು ಆ ರಾತ್ರಿ ದೋಣಿ, ಬಲೆಗಳನ್ನು ಎಳೆದು ಮೇಲೆ ಹಾಕಲು ಒಟ್ಟುಗೂಡಲೇಬೇಕಾಯಿತು. ದೂರ ನಿಲ್ಲಬೇಕೆಂಬ ನಿಯಮ ತೆರೆಗೆ ತಿಳಿಯದು.

ಗಂಗೊಳ್ಳಿಯ ಆಂಬುಲೆನ್ಸ್ ಹುಡುಗರನ್ನು ಆ ಕಾಲದವರು ಮರೆಯಲಾರರು. ನಡುರಾತ್ರಿಯ ಕರೆಗೆ ಎದ್ದರು. ಉಸಿರಾಡುತ್ತಿದ್ದವರನ್ನು ಕುಂದಾಪುರಕ್ಕೆ, ಮಣಿಪಾಲಕ್ಕೆ ಮುಟ್ಟಿಸಿದರು. ಉಸಿರು ನಿಂತವರನ್ನು ಸುಡುವಲ್ಲಿಗೆ, ಹೂಳುವಲ್ಲಿಗೆ ಒಯ್ದರು. ಜಾತಿ, ಮತ ಕೇಳಲಿಲ್ಲ. ಬಿಳಿಯ ನಿಲುವಂಗಿಯೊಳಗೆ ಬೆವರಿನಲ್ಲಿ ತೊಯ್ದು, ಬಂಧುಗಳು ದೂರ ನಿಂತ ಚಿತೆಯ ಹತ್ತಿರ ತಾವೇ ನಿಂತರು.

ಲಸಿಕೆ 2021ರ ಜನವರಿ 16ಕ್ಕೆ ದೇಶಕ್ಕೆ ಬಂದಿತ್ತು; ಅಕ್ಟೋಬರ್ 21ಕ್ಕೆ ನೂರು ಕೋಟಿ ಡೋಸು ದಾಟಿತು. 2023ರ ಮೇ 5ರಂದು, ತಲ್ವಾರ್ ಹಡಗು ಪಣಂಬೂರು ಮುಟ್ಟಿ ಸರಿಯಾಗಿ ಎರಡು ವರ್ಷಕ್ಕೆ, ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಅಷ್ಟರಲ್ಲಿ ಜಗತ್ತಿನ ಸರಕಾರಗಳು ಲೆಕ್ಕ ಕೊಟ್ಟ ಸಾವುಗಳೇ ಸುಮಾರು 70 ಲಕ್ಷ. ಲೆಕ್ಕಕ್ಕೆ ಬಾರದವು ಅದಕ್ಕೂ ಹೆಚ್ಚು.

ಅದಾಗಿ ಐದನೆಯ ದಿನ, ಮೇ 10ರಂದು, ಕರ್ನಾಟಕದಲ್ಲಿ ವಿಧಾನಸಭೆಯ ಚುನಾವಣೆ. ಓಟು ಹಾಕಲೆಂದು, ಮದುವೆಯ ಊಟ ಉಣ್ಣಲೆಂದು ಬೊಂಬಾಯಿಯವರು ರೈಲಿಳಿದು ಬಂದರು. ಮತಗಟ್ಟೆ ಅದೇ ಶಾಲೆ, ಗೋಡೆಯ ಮೇಲೆ ಅದೇ ಅಆಇಈ. 2020ರಲ್ಲಿ ಕ್ವಾರಂಟೈನಿನವರ ಕೈಮೇಲೆ ತೀರುವ ತಾರೀಖು ಸಹಿತ ಮುದ್ರೆ ಒತ್ತಿದ್ದ ಅಳಿಸಲಾಗದ ಶಾಯಿ ಮೈಸೂರಿನ ಬಣ್ಣದ ಕಾರ್ಖಾನೆಯಿಂದ ಬಂದದ್ದು. ಚುನಾವಣೆಯ ಶಾಯಿಯೂ ಅಲ್ಲಿಯದೇ. ಅದೇ ಶಾಯಿಯನ್ನು ಎಡಗೈಯ ತೋರುಬೆರಳಿಗೆ ಹಾಕಿಸಿಕೊಂಡು ಅವರು ಹೊರಗೆ ಬಂದರು. ಗೇಟಿನ ಕಂಬದ ಬುಡದಲ್ಲಿ ಒಬ್ಬ ಮುದುಕಿ ಕೊಡೆ ಊರಿಕೊಂಡು ನಿಂತಿದ್ದಳು. "ಉಂಡ್ಯಾ ಮಗಾ?" ಎಂದಳು, ಹತ್ತಿರ ಬಂದವನ ತೋಳು ಹಿಡಿದು.